ಪರದೆಯ ಬಂದೂಕು ಮತ್ತು ಮಕ್ಕಳ ಆರೋಗ್ಯ

ಊಝಿ, ಯುಎಂಪಿ, ವೆಕ್ಟರ್, ಟಾಮಿ ಗನ್, ಎಂಪಿ5 – ಈ ಹೆಸರುಗಳು ಹಿರಿಯರಿಗೆ ಅಪರಿಚಿತ. ಆದರೆ ಏಳನೆಯ ತರಗತಿಯ ಬಾಲಕನೊಬ್ಬನನ್ನು ಕೇಳಿ ನೋಡಿದರೆ, ಯಾವುದರಲ್ಲಿ ಎಷ್ಟು ಗುಂಡು ಹಿಡಿಯುತ್ತದೆ, ಯಾವುದು ಹತ್ತಿರದ ಕಾಳಗಕ್ಕೆ ಒಳ್ಳೆಯದು, ಯಾವುದಕ್ಕೆ ಸದ್ದಡಗಿಸುವ ಕೊಳವೆ ಸೇರಿಸಬಹುದು ಎಂಬುದನ್ನು ಮಗ್ಗಿಯಂತೆ ಒಪ್ಪಿಸುತ್ತಾನೆ. ಅವನು ಇವನ್ನು ಕಲಿತದ್ದು ಸೇನೆಯಲ್ಲಿ ಅಲ್ಲ. ಅಂಗೈಯಗಲದ ಮೊಬೈಲ್ ಪರದೆಯಲ್ಲಿ.

ಆರೋಗ್ಯದ ಪುಟಗಳಲ್ಲಿ ಬಂದೂಕಿನ ಮಾತೇಕೆ ಎಂದು ಸದ್ಭಕ್ತರು ಕೇಳಬಹುದು. ಗುಂಡು ಹಾರಿಸುವ ಆಟಗಳ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎರಡು ಬಗೆಯ ನಿಲುವುಗಳಿವೆ. ಒಂದು, "ಆಟ ತಾನೇ, ಆಡಿಕೊಳ್ಳಲಿ" ಎಂಬ ಉದಾಸೀನ. ಇನ್ನೊಂದು, "ಇದನ್ನು ಆಡಿದವನು ನಾಳೆ ಕೊಲೆಗಾರನಾಗುತ್ತಾನೆ" ಎಂಬ ಭೀತಿ. ಎರಡೂ ಪರೀಕ್ಷಿಸದೆ ಆಡಿದ ಮಾತುಗಳು ಎಂಬುದು ನಮ್ಮ ಅಭಿಪ್ರಾಯ. ಉದಾಸೀನದಿಂದ ಮಗುವಿನ ದೇಹ ಕೆಡುತ್ತದೆ. ಭೀತಿಯಿಂದ ತಂದೆ-ತಾಯಿ ಮತ್ತು ಮಗುವಿನ ನಡುವಣ ಮಾತು ಕೆಡುತ್ತದೆ. ಇವೆರಡರ ನಡುವೆ, ತಿಳಿದು ನಡೆಯುವ ದಾರಿಯೊಂದಿದೆ. ಅದಕ್ಕಾಗಿ ಮೊದಲು ಆ ಆಯುಧವೇನು, ಆಟದಲ್ಲಿ ಅದು ಏನಾಗಿದೆ ಎಂಬುದನ್ನು ಅರಿಯಬೇಕು.

ಆಯುಧದ ನಿಜ ಚರಿತ್ರೆ

ಪಿಸ್ತೂಲಿನ ಚಿಕ್ಕ ಗುಂಡನ್ನೇ ಬಳಸಿ, ಒತ್ತಿದ ಕುದುರೆ ಬಿಡುವವರೆಗೆ ಸತತವಾಗಿ ಹಾರಿಸಬಲ್ಲ ಕಿರಿದಾದ ಬಂದೂಕಿಗೆ ಸಬ್‌ಮಷಿನ್ ಗನ್ ಎಂದು ಹೆಸರು. ಮೊದಲ ಮಹಾಯುದ್ಧದ ಕೊನೆಯ ವರ್ಷವಾದ 1918ರಲ್ಲಿ, ಕಂದಕಗಳೊಳಗಿನ ಕೈಗೆಟುಕುವಷ್ಟು ಹತ್ತಿರದ ಹೋರಾಟಕ್ಕೆಂದು ಜರ್ಮನಿ ಎಂಪಿ18 ಎಂಬುದನ್ನು ರಣರಂಗಕ್ಕೆ ತಂದಿತು. ಅಮೆರಿಕದ ಜಾನ್ ಥಾಂಪ್ಸನ್ ರೂಪಿಸಿದ ಬಂದೂಕು ಯುದ್ಧ ಮುಗಿದ ಮೇಲೆ ಮಾರುಕಟ್ಟೆಗೆ ಬಂದಿತು. ಮಕ್ಕಳು 'ಟಾಮಿ ಗನ್' ಎನ್ನುವುದು ಅದನ್ನೇ.

ಎರಡನೆಯ ಮಹಾಯುದ್ಧದಲ್ಲಿ ಇವುಗಳ ತಯಾರಿಕೆ ಲಕ್ಷಗಳ ಲೆಕ್ಕಕ್ಕೇರಿತು. ಆಯುಧಗಳ ಕೊರತೆಯಿಂದ ಬಳಲುತ್ತಿದ್ದ ಬ್ರಿಟನ್, ಕೊಳವೆ ಮತ್ತು ತಗಡಿನ ಬಿಡಿಭಾಗಗಳಿಂದ ಅಗ್ಗವಾಗಿ ಮಾಡಬಹುದಾದ ಸ್ಟೆನ್ ಬಂದೂಕನ್ನು ರೂಪಿಸಿತು. ಶೆಫರ್ಡ್, ಟರ್ಪಿನ್ ಎಂಬ ಇಬ್ಬರ ಹೆಸರಿನ ಮೊದಲ ಅಕ್ಷರಗಳಿಗೆ ಎನ್‌ಫೀಲ್ಡ್ ಎಂಬ ಊರಿನ ಹೆಸರಿನ ಮೊದಲೆರಡು ಅಕ್ಷರಗಳನ್ನು ಸೇರಿಸಿ ಆ ಹೆಸರು ಬಂದಿತು. ಅದರ ಹಲವು ಮಾದರಿಗಳು ಒಟ್ಟು ಸುಮಾರು 40 ಲಕ್ಷ ತಯಾರಾದವು. ಸೋವಿಯತ್ ಒಕ್ಕೂಟದ ಪಿಪಿಎಸ್‌ಎಚ್-41 ಐವತ್ತು ಲಕ್ಷವನ್ನೂ ಮೀರಿತು. ಯುದ್ಧಾನಂತರ ಬ್ರಿಟನ್‌ನಲ್ಲಿ ಸ್ಟರ್ಲಿಂಗ್, ಇಸ್ರೇಲಿನಲ್ಲಿ ಊಝಿಯೆಲ್ ಗಾಲ್ ರೂಪಿಸಿದ ಊಝಿ ಬಂದವು. ನಮ್ಮ ದೇಶದಲ್ಲಿ ಸ್ಟರ್ಲಿಂಗ್ ಮಾದರಿಯನ್ನು ಕಾನ್ಪುರದ ಕಾರ್ಖಾನೆಯಲ್ಲಿ ತಯಾರಿಸಿ ಸೇನೆಗೂ ಪೊಲೀಸರಿಗೂ ಕೊಡಲಾಯಿತು. ಅದನ್ನು ಕಾರ್ಬೈನ್ ಎನ್ನುತ್ತಾರೆ. ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ 'ಸ್ಟೆನ್‌ಗನ್'.

ಇವೆಲ್ಲವುಗಳಿಗಿಂತ ಹೆಚ್ಚಿನ ಪ್ರಸಿದ್ಧಿ ಪಡೆದದ್ದು 1960ರ ದಶಕದಲ್ಲಿ ಪಶ್ಚಿಮ ಜರ್ಮನಿಯ ಹೆಕ್ಲರ್ ಅಂಡ್ ಕಾಖ್ ಕಂಪನಿ ರೂಪಿಸಿದ ಎಂಪಿ5. ಒಂದೇ ಮೂಲದಿಂದ ಅದಕ್ಕೆ ಹಲವು ರೂಪಗಳು ಹುಟ್ಟಿದವು: ಮಡಚುವ ಹಿಡಿಯುಳ್ಳದ್ದು, ಅಂಗರಕ್ಷಕರು ಕೋಟಿನೊಳಗೆ ಅಡಗಿಸಿಕೊಳ್ಳಬಹುದಾದ ಕಿರಿದಾದ ಎಂಪಿ5ಕೆ, ಸದ್ದಡಗಿಸುವ ಕೊಳವೆಯನ್ನು ಹುಟ್ಟಿನಿಂದಲೇ ಹೊತ್ತ ಎಂಪಿ5ಎಸ್‌ಡಿ. 1980ರ ಮೇ 5ರಂದು ಲಂಡನ್ನಿನ ಇರಾನ್ ರಾಯಭಾರ ಕಚೇರಿಯಲ್ಲಿ ಒತ್ತೆಯಾಳುಗಳನ್ನು ಬಿಡಿಸಲು ಬ್ರಿಟಿಷ್ ವಿಶೇಷ ಪಡೆಯ ಯೋಧರು ನುಗ್ಗಿದಾಗ ಅವರ ಕೈಯಲ್ಲಿ ಇದೇ ಬಂದೂಕಿತ್ತು. ಆ ದೃಶ್ಯ ದೂರದರ್ಶನದಲ್ಲಿ ನೇರವಾಗಿ ಪ್ರಸಾರವಾಯಿತು. ಕಪ್ಪು ಉಡುಪು, ಮುಖಗವಸು, ಎಂಪಿ5 – ಈ ಚಿತ್ರವೇ ಮುಂದೆ ಚಲನಚಿತ್ರಗಳಿಗೆ, ಅಲ್ಲಿಂದ ವಿಡಿಯೋ ಆಟಗಳಿಗೆ ಇಳಿದು ಬಂದಿತು. ನಮ್ಮ ರಾಷ್ಟ್ರೀಯ ಭದ್ರತಾ ಪಡೆಯ ಕಮಾಂಡೊಗಳೂ ಬಳಸುವ ಆಯುಧವದು.

ಗಮನಿಸಬೇಕಾದ ಸಂಗತಿಯೆಂದರೆ, ಇಂದಿನ ಸೇನೆಗಳಲ್ಲಿ ಈ ಬಗೆಯ ಬಂದೂಕಿನ ಪಾತ್ರ ಕಿರಿದಾಗಿದೆ. ಪಿಸ್ತೂಲಿನ ಗುಂಡು ದೂರಕ್ಕೆ ನಿಖರವಾಗಿ ಹೋಗದು. ಗುಂಡುನಿರೋಧಕ ಕವಚವನ್ನು ಭೇದಿಸುವುದೂ ಅದಕ್ಕೆ ಕಷ್ಟ. ಆದ್ದರಿಂದ ಬಹುಪಾಲು ಸೈನಿಕರು ಗಿಡ್ಡ ಕೊಳವೆಯ ರೈಫಲ್‌ಗಳಿಗೆ ಹೊರಳಿದ್ದಾರೆ. ಸೇನೆಯಲ್ಲಿ ಹಿಂದೆ ಸರಿದ ಆಯುಧವು ಮಕ್ಕಳ ಪರದೆಯಲ್ಲಿ ಮುಂದೆ ಬಂದು ನಿಂತಿದೆ.

ಆಟದಲ್ಲಿ ಅದು ಏನಾಗುತ್ತದೆ?

1999ರಲ್ಲಿ ಇಬ್ಬರು ಯುವಕರು ಮತ್ತೊಂದು ಆಟದ ಮೇಲೆ ಕಟ್ಟಿದ ಕೌಂಟರ್ ಸ್ಟ್ರೈಕ್, ಭಯೋತ್ಪಾದಕರು ಮತ್ತು ಅವರನ್ನು ಎದುರಿಸುವ ಪಡೆ ಎಂಬ ಎರಡು ತಂಡಗಳ ಆಟವನ್ನು ಜಗತ್ತಿಗೆ ಪರಿಚಯಿಸಿತು. 2018ರಲ್ಲಿ ಮೊಬೈಲಿಗೆ ಬಂದ ಪಬ್‌ಜಿ ನಮ್ಮ ಹಳ್ಳಿಹಳ್ಳಿಯನ್ನೂ ತಲುಪಿತು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು; 2021ರಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಅದರ ಭಾರತೀಯ ರೂಪ ಬಂದಿತು; 2022ರಲ್ಲಿ ಅದೂ ತೆರವಾಗಿ, 2023ರಲ್ಲಿ ಮರಳಿತು. ನಿಷೇಧವೊಂದರಿಂದಲೇ ಈ ಸಮಸ್ಯೆ ಬಗೆಹರಿಯದು ಎಂಬುದಕ್ಕೆ ಈ ಹೋಗಿಬರುವಿಕೆಯೇ ಸಾಕ್ಷಿ.

ಈ ಆಟಗಳಲ್ಲಿ ಬಂದೂಕಿನ ಹೊರರೂಪ ಯಥಾವತ್ತಾಗಿರುತ್ತದೆ. ಒಳಗಿನ ಸತ್ಯ ಮಾತ್ರ ಇರುವುದಿಲ್ಲ. ನಿಜವಾದ ಎಂಪಿ5 ನಿಮಿಷಕ್ಕೆ ಸುಮಾರು 800 ಗುಂಡು ಹಾರಿಸುವ ವೇಗದ್ದು. ಅದರ ಖಜಾನೆಯಲ್ಲಿ ಹಿಡಿಯುವುದು 30 ಗುಂಡು. ಕುದುರೆಯನ್ನು ಒತ್ತಿಯೇ ಹಿಡಿದರೆ ಎರಡೂಕಾಲು ಸೆಕೆಂಡಿನಲ್ಲಿ ಅದು ಬರಿದು. ಆದ್ದರಿಂದಲೇ ತರಬೇತಿ ಪಡೆದ ಯೋಧನು ಒಂದೆರಡು ಗುಂಡುಗಳಂತೆ, ಯಾರನ್ನು ಹೊಡೆಯಬೇಕು ಎಂಬುದಕ್ಕಿಂತ ಯಾರನ್ನು ಹೊಡೆಯಬಾರದು ಎಂಬುದನ್ನು ವರ್ಷಗಟ್ಟಲೆ ಕಲಿಯುತ್ತಾನೆ. ಆಟದಲ್ಲಿ ಇದು ತಿರುಗುಮುರುಗು. ಕೌಂಟರ್ ಸ್ಟ್ರೈಕ್‌ನ ಈಚಿನ ಆವೃತ್ತಿಗಳಲ್ಲಿ ರೈಫಲ್‌ನಿಂದ ಒಬ್ಬ ಎದುರಾಳಿಯನ್ನು ಕೊಂದರೆ ಆಟದೊಳಗಿನ 300 ಡಾಲರ್ ಬಹುಮಾನ. ಬಹುತೇಕ ಸಬ್‌ಮಷಿನ್ ಗನ್‌ಗಳಿಂದ ಕೊಂದರೆ 600. ಆಟದ ಸಮತೋಲನಕ್ಕಾಗಿ ಮಾಡಿದ ಲೆಕ್ಕವಿದು ಎಂಬುದನ್ನು ನಾವು ಬಲ್ಲೆವು. ಆದರೂ ಪ್ರತಿ ಸಾವಿಗೂ ಒಂದು ದರಪಟ್ಟಿ ಇರುವ ಲೋಕದಲ್ಲಿ ಮಗು ದಿನಕ್ಕೆ ನಾಲ್ಕು ತಾಸು ಕಳೆಯುತ್ತದೆ ಎಂಬುದು ಯೋಚಿಸಬೇಕಾದ ವಿಷಯ.

ವೈದ್ಯರು ಗಮನಿಸಬೇಕಾದ ಇನ್ನೊಂದು ವಿಚಿತ್ರವಿದೆ. ಪಬ್‌ಜಿಯಲ್ಲಿ ಗುಂಡೇಟು ತಿಂದವನು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಆರು ಸೆಕೆಂಡಿನಲ್ಲಿ, ದೊಡ್ಡ ಔಷಧಪೆಟ್ಟಿಗೆಯಿಂದ ಎಂಟು ಸೆಕೆಂಡಿನಲ್ಲಿ ಚೇತರಿಸಿಕೊಳ್ಳುತ್ತಾನೆ; ನಡುವೆ ನೋವಿನ ಮಾತ್ರೆ, ಎನರ್ಜಿ ಡ್ರಿಂಕ್ ಸೇವಿಸಿದರೆ ಓಟ ಚುರುಕಾಗುತ್ತದೆ. ನಿಜ ಜೀವನದಲ್ಲಿ ತೊಡೆಯ ಮುಖ್ಯ ರಕ್ತನಾಳಕ್ಕೆ ಗುಂಡು ತಗುಲಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಬದುಕುಳಿದರೂ ಶಸ್ತ್ರಚಿಕಿತ್ಸೆ, ಸೋಂಕು, ಊನ, ತಿಂಗಳುಗಟ್ಟಲೆ ವ್ಯಾಯಾಮ ಚಿಕಿತ್ಸೆ. ಗುಂಡು ಹಾರಿಸಿದವನಿಗೂ ಬಿಡುಗಡೆಯಿಲ್ಲ. ಯುದ್ಧ ಕಂಡ ಎಷ್ಟೋ ಸೈನಿಕರನ್ನು ಆಘಾತೋತ್ತರ ಮಾನಸಿಕ ಒತ್ತಡವು ವರ್ಷಾನುಗಟ್ಟಲೆ ನಿದ್ರೆಗೆಡಿಸುತ್ತದೆ.

2008ರ ನವೆಂಬರಿನಲ್ಲಿ ಮುಂಬೈಯ ತಾಜ್ ಹೋಟೆಲಿನೊಳಗೆ, ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರು ಗಾಯಗೊಂಡ ಸಹಯೋಧನನ್ನು ಸುರಕ್ಷಿತವಾಗಿ ಹೊರಗೆ ಕಳುಹಿಸಿ, ತಾವು ಮುಂದುವರಿದು ವೀರಮರಣ ಹೊಂದಿದರು. ಅವರಿಗೆ ಎರಡನೆಯ ಸುತ್ತು ಇರಲಿಲ್ಲ. ಮಕ್ಕಳಿಗೆ ಬಂದೂಕಿನ ಬಗ್ಗೆ ಕುತೂಹಲವಿದ್ದರೆ ನಾವು ಹೇಳಬೇಕಾದ ಕಥೆ ಇದು.

ಆಟ ತಯಾರಿಸುವವರಿಗೂ ಈ ಇಕ್ಕಟ್ಟಿನ ಅರಿವಿದೆ. ಬಿಜಿಎಂಐಯಲ್ಲಿ ರಕ್ತದ ಕೆಂಪನ್ನು ಹಸಿರಾಗಿಸಿದರು. 'ಕೊಲ್ಲು' ಎಂಬ ಪದವನ್ನು 'ಮುಗಿಸು' ಎಂದು ಬದಲಿಸಿದರು. ಬಣ್ಣ ಬದಲಾಯಿಸಿದ ಮಾತ್ರಕ್ಕೆ ಮಗುವಿನ ಆರೋಗ್ಯಕ್ಕೆ ಏನೂ ಲಾಭವಿಲ್ಲ. ಗುಂಡಿನ ಪರಿಣಾಮ ಇನ್ನಷ್ಟು ಮರೆಯಾಗುತ್ತದೆ, ಅಷ್ಟೆ. ಇದಕ್ಕಿಂತ ಪ್ರಾಮಾಣಿಕವಾದ ಬದಲಾವಣೆಯನ್ನು 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಕಂಡೆವು. ಅಲ್ಲಿ ಪಬ್‌ಜಿ ಆಟವನ್ನು ಪದಕದ ಸ್ಪರ್ಧೆಯಾಗಿಸಿದಾಗ, ಆಟಗಾರರು ಪರಸ್ಪರ ಗುಂಡು ಹಾರಿಸುವುದನ್ನೇ ತೆಗೆದು, ಗುರಿಫಲಕಗಳಿಗೆ ಹೊಡೆಯುವಂತೆ ಆಟವನ್ನು ಮರುರೂಪಿಸಿದ್ದರು. ಕೌಶಲ ಉಳಿಯಿತು, ಕೊಲೆ ಹೋಯಿತು. ಹಾಗೆ ಮಾಡಲು ಸಾಧ್ಯವಿದೆ ಎಂಬುದೇ ಮುಖ್ಯ ವಿಷಯ.

ಆಡಿದವರೆಲ್ಲ ಹಿಂಸಕರಾಗುತ್ತಾರೆಯೇ?

ಈ ಪ್ರಶ್ನೆಗೆ ಭಾವಾವೇಶದಿಂದಲ್ಲದೆ ಆಧಾರದಿಂದ ಉತ್ತರಿಸಬೇಕು. ಅಮೆರಿಕದ ಮನೋವಿಜ್ಞಾನ ಸಂಘವು 2020ರಲ್ಲಿ ಈ ಕುರಿತು ತನ್ನ ನಿಲುವನ್ನು ಸ್ಪಷ್ಟಪಡಿಸಿತು. ಹಿಂಸಾತ್ಮಕ ಆಟಗಳಿಗೂ ಕೂಗಾಡುವುದು, ತಳ್ಳುವುದು ಮುಂತಾದ ಆಕ್ರಮಣಶೀಲ ವರ್ತನೆಗಳಿಗೂ ಅಲ್ಪ ಪ್ರಮಾಣದ ಸಂಬಂಧ ಕಂಡುಬರುತ್ತದೆ. ಆದರೆ ಗಂಭೀರ ಹಿಂಸಾಕೃತ್ಯಗಳಿಗೆ ಈ ಆಟಗಳೇ ಕಾರಣವೆನ್ನಲು ಸಾಕಷ್ಟು ಪುರಾವೆಯಿಲ್ಲ ಎಂಬುದು ಅದರ ಸಾರ. 2019ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರಿಟನ್ನಿನ 14-15 ವರ್ಷದ ಮಕ್ಕಳನ್ನೂ ಅವರ ಪಾಲಕರನ್ನೂ ವಿಚಾರಿಸಿ ನಡೆಸಿದ ಅಧ್ಯಯನದಲ್ಲಿ, ಹಿಂಸಾತ್ಮಕ ಆಟಕ್ಕೂ ಮಕ್ಕಳ ಆಕ್ರಮಣಶೀಲತೆಗೂ ನಂಟು ಕಾಣಲಿಲ್ಲ. ಇಂತಹ ಚುರುಕಿನ ಆಟಗಳಿಂದ ಕಣ್ಣಿನ ಅವಧಾನ ಶಕ್ತಿ ಹೆಚ್ಚುತ್ತದೆಂದು 2003ರಷ್ಟು ಹಿಂದೆಯೇ ಸಂಶೋಧನೆಯೊಂದು ತೋರಿಸಿತ್ತು.

ಹೀಗಿರುವಾಗ, ಆಟವಾಡುವ ಹುಡುಗನನ್ನು ನಾಳಿನ ಅಪರಾಧಿಯೆಂದು ಕರೆಯುವುದು ಅನ್ಯಾಯ. ಅದು ನಿರರ್ಥಕವೂ ಹೌದು. ತಾನು ಯಾರನ್ನೂ ನೋಯಿಸಿಲ್ಲವೆಂದು ಮಗುವಿಗೆ ಗೊತ್ತು. ಸುಳ್ಳು ಆರೋಪ ಹೊರಿಸಿದ ಹಿರಿಯರು ನಾಳೆ ನಿಜವಾದ ಅಪಾಯವನ್ನು ಹೇಳಿದಾಗಲೂ ಅದು ನಂಬುವುದಿಲ್ಲ. ಆ ನಿಜವಾದ ಅಪಾಯಗಳು ಬೇರೆಯೇ ಇವೆ.

ಕಿವಿ, ನಿದ್ರೆ, ಹಣ

ಮೊದಲನೆಯದು ಕಿವಿ. ಇದರ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ನಿಜವಾದ ಬಂದೂಕಿನ ಸದ್ದು ಸಾಮಾನ್ಯವಾಗಿ 140 ಡೆಸಿಬಲ್ ಮೀರುತ್ತದೆ. ಆದ್ದರಿಂದಲೇ ತರಬೇತಿಯಲ್ಲಿ ಸೈನಿಕರು ಕಿವಿರಕ್ಷೆ ಧರಿಸುತ್ತಾರೆ. ಆದರೂ ಅಮೆರಿಕದ ಮಾಜಿ ಸೈನಿಕರು ಪರಿಹಾರ ಪಡೆಯುವ ಸೇವಾಸಂಬಂಧಿ ತೊಂದರೆಗಳಲ್ಲಿ ಮೊದಲ ಸ್ಥಾನ ಕಿವಿಯೊಳಗಿನ ಗುಂಯ್‌ಗುಡುವಿಕೆಗೆ. ಮನೆಯೊಳಗಿನ ಆಟಗಾರನಿಗೆ ಆ ರಕ್ಷೆಯಿಲ್ಲ. ಬದಲಿಗೆ ಸದ್ದನ್ನು ಕಿವಿಯೊಳಕ್ಕೇ ತುಂಬುವ ಹೆಡ್‌ಫೋನ್ ಇದೆ. ಈ ಆಟಗಳಲ್ಲಿ ಎದುರಾಳಿಯ ಹೆಜ್ಜೆಯ ಸದ್ದು ಕೇಳಿದವನೇ ಗೆಲ್ಲುತ್ತಾನೆ. ಆ ಕ್ಷೀಣ ಸದ್ದಿಗಾಗಿ ಮಗು ಧ್ವನಿಯನ್ನು ಏರಿಸುತ್ತದೆ. ಮರುಕ್ಷಣ ಗುಂಡಿನ ಸದ್ದು ಅದೇ ಏರಿಕೆಯಲ್ಲಿ ಬಂದಪ್ಪಳಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ 40 ತಾಸು 80 ಡೆಸಿಬಲ್, ಮಕ್ಕಳಿಗೆ ವಾರಕ್ಕೆ 40 ತಾಸು 75 ಡೆಸಿಬಲ್ ಎಂಬ ಮಿತಿಯನ್ನು ಸೂಚಿಸಿದೆ. ಸದ್ದು ಪ್ರತಿ 3 ಡೆಸಿಬಲ್ ಏರಿದಾಗ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. ಈ ಲೆಕ್ಕದಲ್ಲಿ 87 ಡೆಸಿಬಲ್‌ನಲ್ಲಿ ಆಡುವ ಮಗುವಿಗೆ ಇಡೀ ವಾರಕ್ಕೆ ದಕ್ಕುವುದು ಎರಡೂವರೆ ತಾಸು ಮಾತ್ರ. ಗುಂಡಿನ ಆಟಗಳ ಸರಾಸರಿ ಸದ್ದು ಹೆಡ್‌ಫೋನಿನಲ್ಲಿ 85 ಡೆಸಿಬಲ್ ದಾಟುವುದುಂಟೆಂದು 2024ರಲ್ಲಿ ಪ್ರಕಟವಾದ ಸಂಶೋಧನಾ ಸಮೀಕ್ಷೆಯೊಂದು ಎಚ್ಚರಿಸಿದೆ. ಒಳಗಿವಿಯ ಸೂಕ್ಷ್ಮ ಕೇಶಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಆಟದ ಯೋಧನಿಗೆ ಔಷಧಪೆಟ್ಟಿಗೆ ಇದೆ. ಈ ಕಿವಿಗೆ ಇಲ್ಲ.

ಎರಡನೆಯದು ನಿದ್ರೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ರೆ ಅಗತ್ಯ. ಅದಕ್ಕಿಂತ ಚಿಕ್ಕ ಶಾಲಾಮಕ್ಕಳಿಗೆ 9ರಿಂದ 12 ತಾಸು. ತಂಡವಾಗಿ ಆಡುವ ಈ ಆಟಗಳಲ್ಲಿ ನಡುವೆ ಎದ್ದುಹೋದರೆ ಗೆಳೆಯರಿಗೆ ದ್ರೋಹ ಬಗೆದಂತೆ. ಆದ್ದರಿಂದ "ಇನ್ನೊಂದೇ ಆಟ" ಎಂಬುದು ಮಧ್ಯರಾತ್ರಿಯವರೆಗೆ ಸಾಗುತ್ತದೆ. ಮಲಗಿದ ಮೇಲೂ ಏರಿದ ಎದೆಬಡಿತ ಬೇಗನೆ ಇಳಿಯುವುದಿಲ್ಲ. ಬೆಳಗಿನ ತೂಕಡಿಕೆ, ತರಗತಿಯಲ್ಲಿ ಮರೆವು, ಸಣ್ಣ ಮಾತಿಗೆ ಸಿಡುಕು – ಇವುಗಳಿಗೆ ನಾವು ಆಟದ ಹಿಂಸೆಯನ್ನು ದೂರುತ್ತೇವೆ. ಹಲವೊಮ್ಮೆ ಕಾರಣ ನಿದ್ರೆಯ ಕೊರತೆ. ಕುಳಿತೇ ಇರುವುದರಿಂದ ಕತ್ತು, ಬೆನ್ನು, ಹೆಬ್ಬೆರಳಿನ ನೋವು, ದೇಹತೂಕದ ಏರಿಕೆ ಸೇರಿಕೊಳ್ಳುತ್ತವೆ. ಹೊರಗಿನ ಬೆಳಕಿನಲ್ಲಿ ಆಡದ ಮಕ್ಕಳಿಗೆ ದೂರದೃಷ್ಟಿ ಮಸುಕಾಗುವ ಸಂಭವವೂ ಹೆಚ್ಚು.

ಮೂರನೆಯದು ಹಣ. ಬಂದೂಕಿಗೆ ಬಣ್ಣ ಬಳಿಯಲು, ಬಟ್ಟೆ ತೊಡಿಸಲು ನಿಜವಾದ ರೂಪಾಯಿ ಕೊಡಬೇಕು. ಏನು ಬರುವುದೆಂದು ತಿಳಿಯದೆ ಕೊಳ್ಳುವ ಪೆಟ್ಟಿಗೆಗಳನ್ನು ಬೆಲ್ಜಿಯಂ ದೇಶ 2018ರಲ್ಲಿಯೇ ಜೂಜೆಂದು ಪರಿಗಣಿಸಿತು. 2025ರಲ್ಲಿ ನಮ್ಮ ಸಂಸತ್ತು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿದ್ದು ಸ್ವಾಗತಾರ್ಹ. ಆದರೆ ಆಟದೊಳಗಿನ ಈ ಅಂಗಡಿ ತೆರೆದೇ ಇದೆ. ಅದರ ಬಾಗಿಲು ಕಾಯಬೇಕಾದವರು ಮನೆಯವರೇ.

ಇವೆಲ್ಲ ಮಿತಿ ಮೀರಿದಾಗ ಅದು ರೋಗವೇ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂದಿದ್ದು, ಅದರಲ್ಲಿ 'ಆಟದ ವ್ಯಸನ'ಕ್ಕೆ ಸ್ಥಾನ ದೊರೆತಿದೆ. ಅದರ ಲಕ್ಷಣಗಳು ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಊಟ, ಓದು, ಸ್ನೇಹಗಳೆಲ್ಲಕ್ಕಿಂತ ಆಟವೇ ಮೊದಲಾಗುವುದು, ಹಾನಿ ಕಣ್ಣಿಗೆ ಕಂಡರೂ ಮುಂದುವರಿಸುವುದು. ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳ ಕಾಲ ಕಂಡುಬಂದು, ಬದುಕನ್ನು ಗಂಭೀರವಾಗಿ ಕೆಡಿಸಿದ್ದರೆ ಮಾತ್ರ ರೋಗವೆಂದು ನಿರ್ಧರಿಸುತ್ತಾರೆ. ರಜೆಯಲ್ಲಿ ನಾಲ್ಕು ದಿನ ಹೆಚ್ಚು ಆಡಿದ ಮಗುವಿಗೆ ಈ ಹಣೆಪಟ್ಟಿ ಹಚ್ಚಬಾರದು.

ಮನೆಯಲ್ಲಿ ಮಾಡಬಹುದಾದದ್ದು

ನಮ್ಮ ಸಲಹೆಗಳು ಸರಳವಾದವು. ಪಾಲಕರು ಒಮ್ಮೆ ಮಗುವಿನ ಪಕ್ಕದಲ್ಲಿ ಕುಳಿತು ಅದು ಆಡುವುದನ್ನು ಪೂರ್ತಿಯಾಗಿ ನೋಡಲಿ. ತಿಳಿಯದೆ ಬೈಯುವುದಕ್ಕಿಂತ ಅದು ಮೇಲು. ಆಟಕ್ಕೆ ಸೂಚಿಸಿದ ವಯಸ್ಸನ್ನು ಗಮನಿಸಿ, ಚಿಕ್ಕ ಮಕ್ಕಳಿಗೆ ಗುಂಡಿನ ಆಟ ಬೇಡವೆಂದು ಸ್ಪಷ್ಟವಾಗಿ ಹೇಳಲಿ. ದೊಡ್ಡ ಮಕ್ಕಳಿಗೆ ಗಂಟೆಗಳ ಲೆಕ್ಕದ ಜೊತೆಗೆ ಆಟಗಳ ಲೆಕ್ಕವನ್ನೂ ಮಗುವಿನೊಡನೆ ಕೂಡಿಯೇ ಗೊತ್ತುಮಾಡಲಿ: ಇಂದು ಎರಡು ಸುತ್ತು, ಅದು ಮುಗಿದ ಮೇಲೆ ಫೋನ್ ಕೆಳಗೆ. ನಡುವೆ ಕಿತ್ತುಕೊಂಡರೆ ಜಗಳ. ಸುತ್ತು ಮುಗಿಯುವವರೆಗೆ ಕಾದರೆ ಒಪ್ಪಂದ.

ಮಲಗುವುದಕ್ಕೆ ಒಂದು ತಾಸು ಮೊದಲು ಆಟ ನಿಲ್ಲಲಿ, ರಾತ್ರಿ ಫೋನು ಹಾಸಿಗೆಯಿಂದ ದೂರವಿರಲಿ. ಹಿರಿಯರ ಫೋನೂ ಅಲ್ಲಿಯೇ ಇರಬೇಕು; ಇಲ್ಲದಿದ್ದರೆ ನಿಯಮಕ್ಕೆ ಬೆಲೆಯಿಲ್ಲ. ಹೆಡ್‌ಫೋನಿನ ಸದ್ದು ಅರ್ಧದಷ್ಟೇ ಇರಲಿ. ಪಕ್ಕದಲ್ಲಿ ನಿಂತು ಕರೆದರೆ ಮಗುವಿಗೆ ಕೇಳಿಸದಿದ್ದರೆ ಅದು ಅಪಾಯದ ಮಟ್ಟ. ಆಟ ಮುಗಿದ ಮೇಲೂ ಕಿವಿ ಗುಂಯ್‌ಗುಟ್ಟುತ್ತಿದ್ದರೆ ಕಿವಿ ವೈದ್ಯರನ್ನು ಕಾಣಬೇಕು. ಬ್ಯಾಂಕಿನ ಗುಪ್ತ ಸಂಖ್ಯೆಗಳು ಮಗುವಿನ ಕೈಗೆ ಸಿಗದಿರಲಿ. ದಿನಕ್ಕೆ ಒಂದು ತಾಸಾದರೂ ಬಯಲಿನಲ್ಲಿ ಕಬಡ್ಡಿಯೋ ಖೋಖೋವೋ ಓಟವೋ ಇರಲಿ. ಗುರಿಯಿಡುವ ಕೌಶಲದಲ್ಲೇ ಮಗುವಿಗೆ ಆಸಕ್ತಿಯಿದ್ದರೆ ಬಿಲ್ಲುಗಾರಿಕೆ, ಶೂಟಿಂಗ್ ಕ್ರೀಡೆಗಳ ಶಿಸ್ತುಬದ್ಧ ತರಬೇತಿಗೆ ಸೇರಿಸಬಹುದು. ಅಲ್ಲಿ ಮೊದಲ ಪಾಠವೇ ಸುರಕ್ಷತೆ.

ಮಗು ಊಟ ಬಿಟ್ಟು, ಶಾಲೆ ಬಿಟ್ಟು, ತಡೆದರೆ ಕೈಯೆತ್ತುವ ಅಥವಾ ತನ್ನನ್ನೇ ನೋಯಿಸಿಕೊಳ್ಳುವ ಮಾತಾಡುವ ಹಂತಕ್ಕೆ ಬಂದಿದ್ದರೆ ಸಂಕೋಚ ಬೇಡ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಂತ್ರಜ್ಞಾನದ ಆರೋಗ್ಯಕರ ಬಳಕೆಗೆಂದೇ 'ಶಟ್' ಎಂಬ ವಿಶೇಷ ಚಿಕಿತ್ಸಾಲಯವನ್ನು 2014ರಲ್ಲಿಯೇ ಆರಂಭಿಸಿದ್ದಾರೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ. ಜ್ವರಕ್ಕೆ ಔಷಧ ತರುವಷ್ಟೇ ಸಹಜವಾದ ಕೆಲಸ ಇದು. ಮನೆತನಕ್ಕೆ ಇದರಿಂದ ಅವಮಾನವಿಲ್ಲ.

ಮಕ್ಕಳ ಕೈಯಲ್ಲಿರುವುದು ಚಿತ್ರದ ಬಂದೂಕು. ಅದರಿಂದ ಯಾರ ಮೈಗೂ ಗುಂಡು ತಗುಲುವುದಿಲ್ಲ. ಆದರೆ ಅದನ್ನು ಹಿಡಿದ ಕೈ, ನೋಡುವ ಕಣ್ಣು, ಕೇಳುವ ಕಿವಿ, ಕಳೆದುಹೋಗುವ ರಾತ್ರಿ – ಇವು ನಿಜವಾದವು. ನಮ್ಮ ಕಾಳಜಿ ಅವುಗಳ ಮೇಲಿರಲಿ. ಮಗುವನ್ನು ಗದರಿಸುವ ಮೊದಲು ಈ ರಾತ್ರಿ ಅದು ಎಷ್ಟು ಗಂಟೆಗೆ ಮಲಗಿತು ಎಂಬುದನ್ನು ಗಮನಿಸಿ, ನಾಳೆ ಸಂಜೆ ಅದರೊಡನೆ ಅರ್ಧ ತಾಸು ಬಯಲಿಗೆ ಹೋಗಿಬರುವಂತೆ ಪಾಲಕರಲ್ಲಿ ನಾವು ವಿನಂತಿಸುತ್ತೇವೆ.